ಗೋಡೆಯ ಮೇಲೆ ಹರಿವ ನೀರು

ಎಮ್ಮೆದೊಡ್ಡಿಯ ಮದಗದ ಕೆರೆ ಕೋಡಿ ಬಿದ್ದಿತೆಂದರೆ ಸುತ್ತಲ ಊರಿನ ಜನ ನೋಡಲು ಬರುತ್ತಾರೆ. ಮಳೆ ಬಾಬಾಬುಡನ್‌ಗಿರಿ ಕಡೆಯದು, ಸಂಭ್ರಮ ಬಯಲುಸೀಮೆಯದು. ಕೆರೆಯ ಮಾತು ಬಂದರೆ ಜನಪದರು ಹೇಳುವ ಕೆಂಚಮ್ಮನ ಕಥೆಯೂ ಬರುತ್ತದೆ.

ಕೆರೆಯ ಇನ್ನೊಂದು ಜನಪದ ಕಥನ ‘ಕೆರೆಗೆ ಹಾರ’. ಕಿರಿಸೊಸೆ ಭಾಗೀರಥಿ ನೀರಿಗಾಗಿ ಬಲಿಯಾಗುತ್ತಾಳೆ. ಬೆಂಗಳೂರಿನ ಕಲಾವಿದೆ ಸುರೇಖಾ ಅದನ್ನು ವಿಡಿಯೊ ಕಲೆಯಾಗಿಸಿದರು. ವಿಡಿಯೊ ಇನ್‌ಸ್ಟಲೇಶನ್ ಅಂದರೆ ಸಿನಿಮಾ ಅಲ್ಲ. ಗೋಡೆ, ನೆಲ, ಕತ್ತಲೆ ಎಲ್ಲವೂ ಅದರ ಭಾಗ. ನೀವು ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಸೇರಿ.

ನೀರನ್ನು ಹೀಗೆ ಕಲೆಯಾಗಿಸುವವರು ಬೇರೆಡೆಯೂ ಇದ್ದಾರೆ. 2001ರಲ್ಲಿ ಶುರುವಾದ ಟೋಕಿಯೊದ ಟೀಮ್‌ಲ್ಯಾಬ್ ತಂಡದಲ್ಲಿ ಕಲಾವಿದರ ಜೊತೆ ಪ್ರೋಗ್ರಾಮರ್‌ಗಳು, ಎಂಜಿನಿಯರ್‌ಗಳು, ವಾಸ್ತುಶಿಲ್ಪಿಗಳಿದ್ದಾರೆ. ಅವರ ಬೆಳಕಿನ ಜಲಪಾತದ ನಡುವೆ ನಿಂತರೆ ನೀರು ನಿಮ್ಮನ್ನೇ ಬಂಡೆಯೆಂದು ಬಗೆದು ಬಳಸಿಕೊಂಡು ಹರಿಯುತ್ತದೆ. ಜಾಣ್ಮೆ ದೊಡ್ಡದೇ, ಒಪ್ಪೋಣ. ಆದರೂ ನನ್ನ ಮನಸ್ಸು ಸುರೇಖಾ ಅವರ ಕಡೆಗೇ ವಾಲುತ್ತದೆ. ಅಲ್ಲಿ ನೀರಿಗೆ ಬೆಲೆ ತೆತ್ತ ಹೆಣ್ಣಿದ್ದಾಳೆ.

ಇಂಥ ಪ್ರಯೋಗಗಳ ಬಗ್ಗೆ ಕುತೂಹಲವಿದ್ದರೆ, ಬೆಂಗಳೂರಿಗೆ ಹೋದಾಗ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿಯಲ್ಲಿ ಏನು ಪ್ರದರ್ಶನವಿದೆಯೆಂದು ವಿಚಾರಿಸಿ. 2024ರಲ್ಲಿ ತೆರೆದ ಜಾಗ, ಟಿಕೆಟ್‌ ದುಡ್ಡಿಲ್ಲ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವಸರ ಮಾಡಬೇಡಿ.