ಪಾಲು ಮತ್ತು ಶೇಷ

ಸಮ, ಬೆಸ, ಅಪವರ್ತನ, ಅಪವರ್ತ್ಯ ಎಂಬ ಮಾತುಗಳು ಶಾಲೆಯ ಕರಿಹಲಗೆಗೆ ಸೇರಿದವೆಂದು ನಾವು ಭಾವಿಸುತ್ತೇವೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಣಗಳಲ್ಲಿ ಅವು ಹಿಂದೆ ನ್ಯಾಯಕ್ಕೆ ಸಂಬಂಧಿಸಿದ ಸಂಗತಿಗಳಾಗಿದ್ದವು.

ಹಳೆಯ ಮೈಸೂರಿನ ಅಳತೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ರಾಗಿಯಾಗಲಿ ಭತ್ತವಾಗಲಿ, ಖಂಡುಗವನ್ನು ಇಬ್ಬರು ಹಂಚಿಕೊಂಡರೆ ತಲಾ 10 ಕೊಳಗ; ನಾಲ್ವರಾದರೆ 5; ಐವರಾದರೆ 4. ಎರಡು, ನಾಲ್ಕು, ಐದು ಇವೆಲ್ಲ ಇಪ್ಪತ್ತರ ಅಪವರ್ತನಗಳು. ಶೇಷದ ಮಾತೇ ಇಲ್ಲ. ಅಣ್ಣತಮ್ಮಂದಿರು ಮೂವರಾದರೋ, ತಲಾ 6 ಕೊಳಗ ಸಂದ ಮೇಲೆ 2 ಕೊಳಗ ಉಳಿಯುತ್ತದೆ. ಮನಸ್ತಾಪ ಹುಟ್ಟುವುದು ಆ ಎರಡು ಕೊಳಗದಲ್ಲಿ. ಮೂರು ಖಂಡುಗವನ್ನು ಒಟ್ಟಿಗೆ ಅಳೆದರೆ 60 ಕೊಳಗ. ಅದು ಮೂರರ ಅಪವರ್ತ್ಯ. ತಲಾ ಇಪ್ಪತ್ತು, ಜಗಳಕ್ಕೆ ಎಡೆಯಿಲ್ಲ.

ಸಂತೆಯ ಹಣದ ಲೆಕ್ಕ ಮತ್ತೊಂದು ಬಗೆ. ರೂಪಾಯಿಗೆ 16 ಆಣೆ. ಹದಿನಾರನ್ನು ಅರ್ಧ ಮಾಡುತ್ತ ಹೋದರೆ 8, 4, 2. ಕಡೆಗೆ ಒಂದಕ್ಕೆ ಬಂದು ನಿಲ್ಲುವವರೆಗೂ ಬೆಸ ಅಡ್ಡಬರುವುದಿಲ್ಲ. ಅರೆ, ಕಾಲು, ಅರೆಕಾಲು, ವೀಸ ಎಂಬ ನಮ್ಮ ನುಡಿಗಳೂ ಇದೇ ಮೆಟ್ಟಿಲುಗಳು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆಯಾಯಿತು. ನೂರು, ಐವತ್ತು, ಇಪ್ಪತ್ತೈದು. ಅಲ್ಲಿಗೆ ಬೆಸ ಬಂದು ದಾರಿ ಕಟ್ಟಿತು. ಎರಡಾಣೆಗೆ ಹನ್ನೆರಡೂವರೆ ನಯಾಪೈಸೆ. ಆ ಅರೆಪೈಸೆಗೆ ನಾಣ್ಯವೇ ಇರಲಿಲ್ಲ. ಬರೆಯುವವನಿಗೆ ನೂರು ಸುಲಭ, ಹಂಚುವವನಿಗೆ ಹದಿನಾರು ಸುಲಭ ಎಂದು ನನಗೆ ತೋರುತ್ತದೆ.

ಯಾವ ಸಂಖ್ಯೆ ಎಷ್ಟು ಜನಕ್ಕೆ ಸಮನಾಗಿ ಒದಗುವುದೆಂಬುದನ್ನು ಗಣಿತ ಹೇಳೀತು. ಉಳಿದದ್ದು ಯಾರಿಗೆ ಸಲ್ಲಬೇಕೆಂಬುದನ್ನು ಮಾತ್ರ ಕಣದಲ್ಲಿ ಕುಳಿತವರೇ ತೀರ್ಮಾನಿಸಬೇಕು.