ಕೀಟಾಹಾರದ ಪ್ರಶ್ನೆಯೂ ಶ್ರಾವಕಧರ್ಮವೂ



ಲೋಕದ ಜನಸಂಖ್ಯೆ ಬೆಳೆಯುತ್ತಿದೆ, ಭೂಮಿ ಬೆಳೆಯುವುದಿಲ್ಲ. ಈ ಚಿಂತೆಯಿಂದಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರ ತನ್ನ ವರದಿಯಲ್ಲಿ ಕೀಟಾಹಾರದ ಮಾರ್ಗವನ್ನು ಜಗತ್ತಿನ ಮುಂದಿಟ್ಟಿತು. ಒಂದು ಕಿಲೋ ತೂಕ ಬೆಳೆಯಲು ದನಕ್ಕೆ 8 ಕಿಲೋ ಮೇವು ಬೇಕಾದರೆ ಕೀಟಗಳಿಗೆ ಸರಾಸರಿ 2 ಕಿಲೋ ಸಾಕೆಂಬುದು ಅದರ ಲೆಕ್ಕ. 2021ರಲ್ಲಿ ಯುರೋಪಿನ ಒಕ್ಕೂಟವು ಹಿಟ್ಟಿನಲ್ಲಿ ಬೆಳೆಯುವ ಹಳದಿ ಹುಳುವನ್ನು ಒಣಗಿಸಿ ಆಹಾರವೆಂದು ಮಾರಲು ಅನುಮತಿಯಿತ್ತಿತು.

ಇದನ್ನು ಕೇಳಿ ಶ್ರಾವಕನ ಮನಸ್ಸು ಹೇಸುವುದು ಸಹಜ. ಆದರೆ ಹೇಸಿಗೆ ಬೇರೆ, ಧರ್ಮವಿಚಾರ ಬೇರೆ. ಒಡಿಶಾದ ಮಯೂರಭಂಜದ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮಲೆನಾಡಿನ ಕೆಲವೆಡೆಯೂ ಚಿಗಳಿ ಚಟ್ನಿಯ ರೂಢಿಯುಂಟು. ಕಾಡನ್ನೇ ನಂಬಿ ತಲೆತಲಾಂತರದಿಂದ ಬಾಳಿದವರನ್ನು ಹೀಗಳೆಯುವುದು ಅಹಿಂಸೆಯಲ್ಲ. ಪರರ ಬಾಳನ್ನು ಅವರ ನೆಲೆಯಿಂದಲೂ ನೋಡೆಂದು ಅನೇಕಾಂತವು ಬೋಧಿಸುತ್ತದೆ.

ಹಾಗೆಂದು ಅನೇಕಾಂತವೆಂದರೆ ಎಲ್ಲಕ್ಕೂ ತಲೆದೂಗುವುದಲ್ಲ. ಮೇವಿನ ಲೆಕ್ಕದಲ್ಲಿ ಜೀವದ ಲೆಕ್ಕ ಬಿಟ್ಟುಹೋಗಿದೆ. ಒಂದು ಕಿಲೋ ಹುಳುವೆಂದರೆ ಸಹಸ್ರಾರು ಜೀವ. ಇರುವೆಗೆ ಮೂರು ಇಂದ್ರಿಯ, ದುಂಬಿಗೆ ನಾಲ್ಕು ಎಂದು ಗಣಿಸಿದ ಜಿನಪರಂಪರೆಯು ಗಾತ್ರ ಕಿರಿದೆಂದು ಜೀವವನ್ನು ಕಡೆಗಣಿಸದು. ಬೇರೆ ದಾರಿಯೂ ಉಂಟು. ಅದೇ ವಿಶ್ವಸಂಸ್ಥೆಯು 2016ನ್ನು ದ್ವಿದಳ ಧಾನ್ಯಗಳ ವರ್ಷವೆಂದು ಸಾರಿತು. ತೊಗರಿ, ಹೆಸರು, ಹುರುಳಿ, ಕಡಲೆಗಳು ದೇಹಕ್ಕೆ ಪುಷ್ಟಿಯನ್ನೀಯುವುದಲ್ಲದೆ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೂ ಸಾರ ಕೊಡುತ್ತವೆ.

ಇಷ್ಟಕ್ಕೇ ಶ್ರಾವಕನು ನಿರಾಳನಾಗುವಂತಿಲ್ಲ. ಹುಳುವನ್ನು ತಿನ್ನೆನೆಂಬವನೇ ರೇಷ್ಮೆಯನ್ನುಟ್ಟು ಅಭಿಷೇಕಕ್ಕೆ ನಿಲ್ಲುತ್ತಾನೆ. ಎಳೆ ತುಂಡಾಗದಿರಲೆಂದು ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಆ ಬೆಳೆಯಿಂದ ಸಾಲ ತೀರಿಸಿ ಮಕ್ಕಳನ್ನು ಓದಿಸುವ ರೈತನಿದ್ದಾನೆ. ಮಗ್ಗವನ್ನೇ ನಂಬಿದ ನೇಕಾರನಿದ್ದಾನೆ. ಅವರನ್ನು ದೂಷಿಸಿ ಉಟ್ಟವನು ಪಾರಾಗಲಾರ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರಕ್ಕೂ ಬಂಧವುಂಟೆಂಬುದು ಶಾಸ್ತ್ರದ ನಿಲುವು. ಕೊಂಡವನು, ಮಾರಿದ ವರ್ತಕನು ಇಬ್ಬರೂ ಇದರಲ್ಲಿ ಪಾಲುದಾರರು.

ಆದುದರಿಂದ ಅನ್ಯರ ತಟ್ಟೆಯನ್ನು ಎಣಿಸುವ ಮುನ್ನ ಪ್ರತಿಯೊಬ್ಬನೂ ತನ್ನ ಮಡಿವಸ್ತ್ರವನ್ನು ನೋಡಿಕೊಳ್ಳುವುದು ಲೇಸು. ಈ ಪ್ರತಿಷ್ಠಾ ಮಹೋತ್ಸವದ ನೆನಪಿಗೆ, ಪೂಜೆಗೆ ಹತ್ತಿಯ ವಸ್ತ್ರವೇ ಸಾಕೆಂಬ ಕಿರುನಿಯಮವನ್ನು ಒಂದೊಂದು ಮನೆಯೂ ಸ್ವೀಕರಿಸಿದರೆ, ಬಸದಿಯ ಶಿಖರದ ಕಲಶಕ್ಕೆ ಅದೇ ಶೋಭೆ.

ಸರ್ವಜೀವಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.