12 ಲಕ್ಷದ ಸಂಭ್ರಮ, 28 ಸಾವಿರದ ಸಂಬಳ



2025ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಬಜೆಟ್ ಓದಿದರು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂದರು. ಸಂಬಳದವರಿಗೆ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿದರೆ 12 ಲಕ್ಷದ 75 ಸಾವಿರ. ಮಧ್ಯಮ ವರ್ಗಕ್ಕೆ ಬಂಪರ್ ಅಂತ ಊರೆಲ್ಲ ಸುದ್ದಿ. ಬಂಪರ್ ಹೌದು, ಇಲ್ಲ ಅನ್ನಲ್ಲ. ಆದರೆ ಯಾರಿಗೆ?

ಆ ವಾರ ವಿಜಯನಗರದಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೀತಾನೆ, ಸಂಬಳ 28 ಸಾವಿರ. "ಅಣ್ಣಾ, ಟ್ಯಾಕ್ಸ್ ಎಲ್ಲಾ ತೆಗೆದುಬಿಟ್ರಂತಲ್ಲ, ನಂಗೆ ತಿಂಗಳಿಗೆ ಎಷ್ಟು ಉಳಿಯುತ್ತೆ?" ಅಂದ. "ಏನೂ ಉಳಿಯಲ್ಲಪ್ಪ" ಅಂದೆ. ನಾನು ತಮಾಷೆ ಮಾಡ್ತಿದ್ದೀನಿ ಅಂದುಕೊಂಡ.

ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಬಿಡಿಸದೆ ಬಿಡೋ ಅಭ್ಯಾಸ ಇಲ್ಲ. 28 ಸಾವಿರ ಅಂದರೆ ವರ್ಷಕ್ಕೆ 3 ಲಕ್ಷದ 36 ಸಾವಿರ. ಅವನು ಆದಾಯ ತೆರಿಗೆಯನ್ನು ಮೊದಲೂ ಕಟ್ಟುತ್ತಿರಲಿಲ್ಲ, ಈಗಲೂ ಕಟ್ಟಲ್ಲ. ಸೊನ್ನೆಯಲ್ಲಿ ಏನು ಕಳೆಯೋದು?

ಅವನೊಬ್ಬನೇ ಅಲ್ಲ. 2023ರ ಬಜೆಟ್ಟಿನಲ್ಲೇ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ತೆರಿಗೆ ಸೊನ್ನೆ ಆಗಿತ್ತು. ಮರುವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರಕ್ಕೆ ಏರಿತು. ಅಂದರೆ ತಿಂಗಳಿಗೆ ಸುಮಾರು 64,500 ರೂಪಾಯಿ ಸಂಬಳದವರೆಗೆ ಆಗಲೇ ತೆರಿಗೆ ಇರಲಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಮೆಷಿನ್ ಆಪರೇಟರ್, ಬಸವೇಶ್ವರನಗರದ ಖಾಸಗಿ ಶಾಲೆಯ ಟೀಚರ್, ಕೆಂಗೇರಿಯ ನರ್ಸಿಂಗ್ ಹೋಂನಲ್ಲಿ ನೈಟ್ ಡ್ಯೂಟಿ ಮಾಡೋ ಹೆಣ್ಣುಮಗಳು, ಇವರ ಸಂಬಳ ಈ ಗೆರೆಯ ಕೆಳಗೆ ಇದ್ದರೆ 2025ರ ಬಜೆಟ್ಟಿನ ಈ ರಿಯಾಯಿತಿಯಿಂದ ಒಂದು ರೂಪಾಯಿಯೂ ಹೆಚ್ಚು ಸಿಕ್ಕಿಲ್ಲ.

ಸಿಕ್ಕಿದ್ದು ಅದರ ಮೇಲಿನವರಿಗೆ. ತಿಂಗಳಿಗೆ 80 ಸಾವಿರ ಇರೋರಿಗೆ ಹಿಂದಿನ ವರ್ಷ ಸೆಸ್ ಸೇರಿ 40,040 ರೂಪಾಯಿ ತೆರಿಗೆ ಬರುತ್ತಿತ್ತು. ಈಗ ಸೊನ್ನೆ. ಇದು ಸಣ್ಣ ಮೊತ್ತ ಅಲ್ಲ, ಮಗುವಿನ ಸ್ಕೂಲ್ ಫೀಸಿನ ಒಂದು ಕಂತು. ಅವರಿಗೆ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ಉಳಿದವರ ಲೆಕ್ಕ ಯಾರೂ ಹೇಳಲಿಲ್ಲ ಅನ್ನೋದಕ್ಕೆ. ಅದೇ ವರ್ಷ ಜನವರಿ 5ರಿಂದ ಬಿಎಂಟಿಸಿ ದರ ಶೇಕಡ 15 ಏರಿತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಗಂಡಸರು ಟಿಕೆಟ್ ತಗೋಬೇಕು. ಫೆಬ್ರವರಿ 9ರಿಂದ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಹೋಯ್ತು. ಕೆಂಗೇರಿಯಿಂದ ವೈಟ್‌ಫೀಲ್ಡ್ ಕಡೆಗೆ ದಿನಾ ಹೋಗಿಬರೋರನ್ನ ಕೇಳಿ. ಗರಿಷ್ಠ ದರ ಕೊಡೋರಿಗೆ ಟೋಕನ್ ಲೆಕ್ಕದಲ್ಲಿ ದಿನಕ್ಕೆ 60 ರೂಪಾಯಿ ಹೆಚ್ಚು, 25 ದಿನಕ್ಕೆ 1,500. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಸಂಬಳ 25 ಸಾವಿರ ಮುಟ್ಟಿದರೆ ರಾಜ್ಯದ ವೃತ್ತಿ ತೆರಿಗೆ ತಿಂಗಳಿಗೆ 200, ಅದರಲ್ಲೂ ಫೆಬ್ರವರಿ ತಿಂಗಳಿಗೆ 300 ಮಾಡಿದ್ದಾರೆ. ಕೇಂದ್ರದ ತೆರಿಗೆ ಸೊನ್ನೆ ಇರೋ ನಮ್ಮ ಹುಡುಗ ಇದನ್ನ ಕಟ್ಟಲೇಬೇಕು. ಇವಕ್ಕೆಲ್ಲ ಯಾವ ರಿಬೇಟೂ ಇಲ್ಲ.

ಇನ್ನೊಂದು ಮಾತು. ಇದು ವಿನಾಯಿತಿ ಅಲ್ಲ, ರಿಯಾಯಿತಿ. ಎರಡೂ ಬೇರೆ. ಅಂಗಡಿಯವರು ಬಿಲ್ ಪೂರ್ತಿ ಬರೆದು ಕೊನೆಗೆ "ಬಿಡಿ ಸಾರ್" ಅಂತ ಹೊಡೆದುಹಾಕಿದ ಹಾಗೆ. 4 ಲಕ್ಷದ ಮೇಲೆ ತೆರಿಗೆ ಲೆಕ್ಕ ಹಾಕ್ತಾರೆ, 12 ಲಕ್ಷಕ್ಕೆ 60 ಸಾವಿರ ಆಗುತ್ತೆ, ರಿಬೇಟ್ ಕೊಟ್ಟು ಅದನ್ನ ಹೊಡೀತಾರೆ. ಶೇರು ಮಾರಿದ ಲಾಭಕ್ಕೆ ಪ್ರತ್ಯೇಕ ದರ ಇರೋದರಿಂದ ಆ ತೆರಿಗೆಯನ್ನ ಹೊಡೆಯಲ್ಲ. ಮೊಬೈಲಿನಲ್ಲಿ ಟ್ರೇಡಿಂಗ್ ಮಾಡೋ ತಮ್ಮಂದಿರು ಗಮನಿಸಿ. ಸಂಬಳ 12.75 ಲಕ್ಷ ದಾಟಿ 10 ಸಾವಿರ ಇನ್‌ಕ್ರಿಮೆಂಟ್ ಆದರೆ ಆ 10 ಸಾವಿರವೂ ಹೋಗಿ, ಮೇಲೆ 400 ಸೆಸ್. ಅಂಥವರು ನಮ್ಮ ಕಡೆ ಕಡಿಮೆ ಬಿಡಿ.

ಕಡಿಮೆ ಸಂಬಳದವರಿಗೆ ಮುಖ್ಯವಾದದ್ದು ಇದು. ಬಿಲ್ ಬರೆಯೋದು ಇದ್ದೇ ಇದೆ ಅಂದಮೇಲೆ ರಿಟರ್ನ್ ಸಲ್ಲಿಸೋದೂ ಇದ್ದೇ ಇದೆ. ತಿಂಗಳಿಗೆ 50 ಸಾವಿರ ತಗೊಳ್ಳೋರ ಆದಾಯ, ಡಿಡಕ್ಷನ್ ಕಳೆದು 5 ಲಕ್ಷದ 25 ಸಾವಿರ. ತೆರಿಗೆ ಸೊನ್ನೆ. ಆದರೆ 4 ಲಕ್ಷ ದಾಟಿದೆ, ರಿಟರ್ನ್ ಹಾಕಲೇಬೇಕು. "ಟ್ಯಾಕ್ಸೇ ಇಲ್ಲವಲ್ಲ" ಅಂತ ಕೂತು ಗಡುವು ಮೀರಿದ ಮೇಲೆ ಹಾಕಿದರೆ ತಡವಾದ ಶುಲ್ಕ 5,000 ರೂಪಾಯಿ. ಬ್ಯಾಂಕಿನವರು ಡಿಪಾಸಿಟ್ ಬಡ್ಡಿಯಲ್ಲಿ ಟಿಡಿಎಸ್ ಹಿಡಿದಿದ್ದರೂ ಅದು ವಾಪಸ್ ಬರೋದು ರಿಟರ್ನ್ ಹಾಕಿದರೆ ಮಾತ್ರ. ಕಂಪನಿಯವರು ಕೊಡೋ ಫಾರ್ಮ್ 16 ಕೇಳಿ ಇಸ್ಕೊಳ್ಳಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು, ಅದಕ್ಕೆ ದುಡ್ಡಿಲ್ಲ. ಗಡುವು ಮುಂದೆ ಹೋಗದಿದ್ದರೆ ಕೊನೆಯ ದಿನ ಜುಲೈ 31.